ತಾಳ ಕೈ ಬದಲಾಗುವ ಹೊತ್ತು

ಅಥವಾ ತಾಳ ಒಂದೇ ಜೊತೆ ಇತ್ತೋ ಏನೋ. ಎರಡು ಜೊತೆ ಇತ್ತು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಈಗ ಎರಡನೆಯ ಜೊತೆಯ ಕಂಚಿನ ಹೊಳಪು, ಅದಕ್ಕೆ ಕಟ್ಟಿದ್ದ ಕೆಂಪು ದಾರ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಹಾಗೆ ಕಟ್ಟುವುದೇ ನನ್ನ ಸಂಶಯಕ್ಕೆ ಕಾರಣ. ನಿಜವಾಗಿ ನೋಡಿದ ವಸ್ತು ಇಷ್ಟು ಹೊಳೆಯುವುದಿಲ್ಲ. ಅದಕ್ಕೆ ಸ್ವಲ್ಪ ಕಿಲುಬು ಇರುತ್ತದೆ. ಆದರೂ ಎರಡು ಜೊತೆ ಇತ್ತು ಎಂದೇ ಬರೆಯುತ್ತೇನೆ. ಒಂದೇ ಜೊತೆ ಇದ್ದಿದ್ದರೆ ಮುಂದಿನದ್ದು ನಡೆಯಲು ಸಾಧ್ಯವಿರಲಿಲ್ಲ. ಇದು ನೆನಪಲ್ಲ, ತರ್ಕ. ನನ್ನ ನೆನಪಿನ ಅರ್ಧ ಭಾಗ ಇಂಥದ್ದೇ.

ವಾಮದಪದವಿನ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಊರಿನ ಭಜನಾ ಮಂದಿರ. ವರ್ಷಕ್ಕೊಮ್ಮೆ ಅಲ್ಲಿ ಏಕಾಹ ಭಜನೆ. ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಹಾಡಲು ಕೂತರೆ ಮರುದಿನ ಸೂರ್ಯ ಹುಟ್ಟುವವರೆಗೆ ಹಾಡು ನಿಲ್ಲಬಾರದು. ಒಂದೇ ತಂಡಕ್ಕೆ ಅಷ್ಟು ಗಂಟಲು ಎಲ್ಲಿಂದ ಬರಬೇಕು? ಸುತ್ತಲಿನ ಊರುಗಳ ತಂಡಗಳು ಸರದಿಯ ಮೇಲೆ ಬರುತ್ತಿದ್ದವು. ಒಂದು ತಂಡ ಏಳುವ ಮೊದಲು ಇನ್ನೊಂದು ಕೂರಬೇಕು. ತಾಳ ಹಿಡಿದವನು ಅದನ್ನು ನಿಲ್ಲಿಸದೆ, ಕುಟ್ಟುತ್ತ ಕುಟ್ಟುತ್ತಲೇ ಮುಂದಿನವನ ಕೈಗೆ ದಾಟಿಸಬೇಕು. ಹೊಸ ತಂಡ ತನ್ನ ನಾಮವನ್ನು ಎತ್ತಿಕೊಂಡ ಮೇಲೆಯೇ ಹಳೆಯ ತಂಡ ತನ್ನದನ್ನು ಬಿಡಬೇಕು.

ಅಂದರೆ ಪ್ರತಿ ಸರದಿಯ ತುದಿಯಲ್ಲಿ ಸ್ವಲ್ಪ ಹೊತ್ತು ಎರಡು ಹಾಡು ಒಟ್ಟಿಗೆ ಕೇಳುತ್ತಿತ್ತು. ಎರಡು ರಾಗ, ಎರಡು ಶ್ರುತಿ, ಎರಡು ಹಾರ್ಮೋನಿಯಂ. ಆ ಹೊತ್ತನ್ನು ಯಾರೂ ಹಾಡು ಎಂದು ಎಣಿಸುತ್ತಿರಲಿಲ್ಲ. ಜನ ಆಗ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು, ಕಾಲು ಬದಲಿಸಿ ಕೂರುತ್ತಿದ್ದರು, ಸೀನು ಬರುವವನ ಮುಖ ನೋಡುತ್ತ ಕಾಯುವ ಹಾಗೆ ಅದು ಮುಗಿಯಲಿ ಎಂದು ಕಾಯುತ್ತಿದ್ದರು. ನಾನು ಅದಕ್ಕಾಗಿಯೇ ಹೋಗುತ್ತಿದ್ದೆ. ನನಗೆ ಭಕ್ತಿ ಎಷ್ಟಿತ್ತು ಎಂದು ಕೇಳಬೇಡಿ. ಎರಡು ತಂಡಗಳು ಒಂದರ ಮೇಲೊಂದು ಬಿದ್ದು, ಒಂದು ನಿಮಿಷ ಯಾರ ಹಾಡೂ ಯಾರದ್ದೂ ಅಲ್ಲ ಎನ್ನುವ ಹಾಗಾದಾಗ ನನ್ನ ಬೆನ್ನಿನಲ್ಲಿ ಏನೋ ಹರಿಯುತ್ತಿತ್ತು. ಆಮೇಲೆ ಹಳೆಯ ತಂಡ ನಿಂತು ಹೊಸ ತಂಡ ಒಂದೇ ಉಳಿದಾಗ ಎಲ್ಲರೂ ಉಸಿರು ಬಿಡುತ್ತಿದ್ದರು, ನಾನೊಬ್ಬಳು ಏನೋ ಕಳಕೊಂಡವಳ ಹಾಗೆ ಕೂತಿರುತ್ತಿದ್ದೆ.

ನನ್ನ ಸ್ವರ ದಪ್ಪ. ಈಗ ಮುದುಕಿಯಾದ ಮೇಲೆ ಯಾರಿಗೂ ಅದು ವಿಶೇಷವಲ್ಲ; ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯ ಬಾಯಿಂದ ಅಂಥ ಸ್ವರ ಬಂದರೆ ಆಗ ಜನ ಹಿಂದೆ ತಿರುಗಿ ನೋಡುತ್ತಿದ್ದರು. ಮೂಡುಬಿದಿರೆಯ ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ತರಗತಿಗೆ ಹೊಕ್ಕು ಹಾಜರಿ ಕರೆದ ಮೊದಲ ದಿನ ಹಿಂದಿನ ಬೆಂಚಿನಿಂದ ಒಬ್ಬ, "ಎಸ್ ಸರ್" ಅಂದ. ತರಗತಿಯೆಲ್ಲ ನಕ್ಕಿತು. ಅವನು ಬೇಕೆಂದು ಅಂದದ್ದಲ್ಲ. ಪುಸ್ತಕದಿಂದ ತಲೆ ಎತ್ತದೆ ಕಿವಿಗೆ ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು.

ಐವತ್ತರ ದಶಕ ಮುಗಿಯುತ್ತಿತ್ತೋ, ಅರವತ್ತು ಶುರುವಾಗಿತ್ತೋ, ನನ್ನ ಸೋದರತ್ತೆ ಊರಿನಲ್ಲಿ ಹೆಂಗಸರ ಭಜನಾ ತಂಡ ಕಟ್ಟಿದರು. ಅತ್ತೆ ವಿಧವೆ, ಹಾರ್ಮೋನಿಯಂ ಬಾರಿಸುತ್ತಿದ್ದರು, ಯಾರಿಂದ ಕಲಿತರು ಎಂದು ಕೇಳಿದರೆ ಒಮ್ಮೊಮ್ಮೆ ಒಂದೊಂದು ಉತ್ತರ ಕೊಡುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರ ಮನೆಯ ಚಾವಡಿಯಲ್ಲಿ ಅಭ್ಯಾಸ. ನಾನು ಶನಿವಾರ ಸಂಜೆಯ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ.

ಮೊದಲನೇ ದಿನವೇ ಅತ್ತೆ ಹಾರ್ಮೋನಿಯಂ ನಿಲ್ಲಿಸಿದರು.

"ಯಾರದ್ದು ಅದು?"

ಎಲ್ಲರಿಗೂ ಗೊತ್ತಿತ್ತು.

"ಕೋಣ ಕೆರೆಯಲ್ಲಿ ಮುಳುಗಿದ ಹಾಗೆ ಕೇಳ್ತದೆ," ಎಂದಳು ಪಕ್ಕದ ಮನೆಯ ಹೆಂಗಸು, ನನಗಿಂತ ದೊಡ್ಡವಳು, ಬಾಯಿ ಜೋರಿನವಳು. "ಕೋಣ ಅಲ್ಲ, ಟೀಚರ್ರು," ಎಂದು ಇನ್ನೊಬ್ಬಳು ಸೇರಿಸಿದಳು. ನಾನೂ ನಕ್ಕೆ. ನಗದೆ ಏನು ಮಾಡುವುದು?

ಅತ್ತೆ ನಗಲಿಲ್ಲ. "ಮಗಾ, ನೀನು ಬಾಯಿ ಆಡಿಸು. ಸ್ವರ ಬೇಡ. ಕೂಡುವುದಿಲ್ಲ."

"ಬಾಯಿ ಆಡಿಸ್ಲಿಕ್ಕೆ ನಾನು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರ್ಬೇಕಾ ಅತ್ತೆ?"

"ಹಾಗಾದರೆ ತಾಳ ಹಿಡಿ. ತಾಳಕ್ಕೆ ಗಂಡು ಸ್ವರ ಹೆಣ್ಣು ಸ್ವರ ಇಲ್ಲ."

ಹಾಗೆ ನಾನು ತಾಳದವಳಾದೆ. ತಾಳ ಕುಟ್ಟುತ್ತ ಬಾಯಿ ಆಡಿಸುವುದು. ಎದುರಿನಿಂದ ನೋಡಿದರೆ ನಾನೂ ಹಾಡುತ್ತಿದ್ದೆ. ಇಂಥ ಹಾಡು ಹಾಡಿದವರು ಲೋಕದಲ್ಲಿ ಎಷ್ಟು ಜನ ಇದ್ದಾರೋ. ನಮ್ಮ ಗುಂಪಿನ ಫೋಟೋ ತೆಗೆದಿದ್ದರೆ ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆದವಳು ನಾನೇ ಆಗಿರುತ್ತಿದ್ದೆ.

ಇಲ್ಲಿ ಒಂದು ಮಾತು. ಈ ಮಾತುಕತೆಯೆಲ್ಲ ನಡೆದದ್ದು ತುಳುವಿನಲ್ಲಿ. ನಾನು ಅದನ್ನು ಕನ್ನಡಕ್ಕೆ ತರುವಾಗ ಅತ್ತೆಯ ಮಾತು ಇದ್ದದ್ದಕ್ಕಿಂತ ಮೆದುವಾಗಿದೆ. ನನ್ನ ಮಾತು ಇದ್ದದ್ದಕ್ಕಿಂತ ಚುರುಕಾಗಿದೆ. ಬರೆಯುವವರು ಮಾಡುವ ಸಣ್ಣ ಮೋಸ ಇದು.

ನಮ್ಮ ಶಾಲೆಯ ಹೊಲಿಗೆ ಟೀಚರ್ ಬಂಟ್ವಾಳದ ಕೊಂಕಣಿ ಕ್ರಿಶ್ಚಿಯನ್ ಮನೆಯವಳು. ಅವಳ ತಂಗಿಯ ಮದುವೆಗೆ ನನ್ನನ್ನು ಕರೆದಳು. ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹಾಡುವವರು ಮೇಲೆ, ಬಾಗಿಲಿನ ಮೇಲಿನ ಅಟ್ಟದಲ್ಲಿ ನಿಂತಿದ್ದರು. ಅವರು ಹಾಡಲು ಶುರು ಮಾಡಿದಾಗ ನಾನು ತಿರುಗಿ ನೋಡಿದೆ, ಮರ್ಯಾದೆ ಬಿಟ್ಟು. ಹೆಂಗಸರ ಒಂದು ಗುಂಪು ಹಾಡಿನ ಧಾಟಿಯನ್ನು ಹಾಡುತ್ತಿತ್ತು. ಇನ್ನೊಂದು ಗುಂಪು ಅದೇ ಮಾತುಗಳನ್ನು, ಅದೇ ಹೊತ್ತಿಗೆ, ಬೇರೆ ಧಾಟಿಯಲ್ಲಿ, ಕೆಳಗಿನ ಸ್ವರದಲ್ಲಿ ಹಾಡುತ್ತಿತ್ತು. ಯಾರೂ ಎಲೆಯಡಿಕೆ ತೆಗೆಯಲಿಲ್ಲ. ಯಾರೂ ಅದು ಮುಗಿಯಲಿ ಎಂದು ಕಾಯಲಿಲ್ಲ. ನಮ್ಮ ಮಂದಿರದಲ್ಲಿ ಸರದಿ ಬದಲಾಗುವ ಒಂದು ನಿಮಿಷವನ್ನೇ ಇವರು ಉದ್ದಕ್ಕೆ ಎಳೆದು ಇಡೀ ಹಾಡು ಮಾಡಿಕೊಂಡಿದ್ದರು.

ಊಟದ ಪಂಕ್ತಿಯಲ್ಲಿ ಹೊಲಿಗೆ ಟೀಚರನ್ನು ಕೇಳಿದೆ: "ಕೆಳಗೆ ಹಾಡ್ತಿದ್ದರಲ್ಲ, ಅವರನ್ನು ಎಂತ, ಶಿಕ್ಷೆ ಕೊಟ್ಟು ಅಲ್ಲಿ ನಿಲ್ಲಿಸಿದ್ದಾ?"

"ಶಿಕ್ಷೆ ಎಂತದ್ದು ಮಾರಾಯ್ತಿ. ಅದು ಆಲ್ಟೊ. ಕೆಳಗಿನ ಸಾಲು. ಅಂಥ ಸ್ವರದವರು ಸಿಗುವುದಿಲ್ಲ ಅಂತ ನಮ್ಮ ಮಾಸ್ಟ್ರು ತಲೆ ಚಚ್ಚಿಕೊಳ್ತಾರೆ." ಅವಳು ನನ್ನ ಮುಖ ನೋಡಿದಳು. "ನೀನು ಧರ್ಮ ಬದಲಿಸ್ತೀಯಾದರೆ ಹೇಳು, ನಾಳೆಯೇ ಸೇರಿಸ್ತಾರೆ."

"ಸ್ವರಕ್ಕೆ ಜ್ಞಾನಸ್ನಾನ ಕೊಡ್ಲಿಕ್ಕೆ ಆಗ್ತದಾ? ಅಷ್ಟೇ ಸಾಕು."

ಅವಳು ನಕ್ಕು ನನ್ನ ಎಲೆಗೆ ಇನ್ನೊಂದು 'ಸಣ್ಣ' ಬಡಿಸಿದಳು. ಅಕ್ಕಿಯ ಇಡ್ಲಿಯ ಹಾಗಿರುವ ಆ ಸಣ್ಣ ಎಷ್ಟು ಮೆತ್ತಗಿತ್ತು ಎಂಬುದು ನನಗೆ ನಿಖರವಾಗಿ ನೆನಪಿದೆ. ಹಾಡಿನ ಧಾಟಿ ಒಂದು ಸಾಲೂ ನೆನಪಿಲ್ಲ. ಮನಸ್ಸು ಏನನ್ನು ಇಟ್ಟುಕೊಳ್ಳುತ್ತದೆ ಎಂಬುದಕ್ಕೆ ಯಾವ ನ್ಯಾಯವೂ ಇಲ್ಲ.

ಸಾಮರಸ್ಯ ಎಂಬ ಪದವನ್ನು ನಾನು ಅನುಮಾನದಿಂದ ನೋಡುತ್ತೇನೆ. ಅದನ್ನು ಭಾಷಣದಲ್ಲಿ ಹೇಳುವವರು ಹೆಚ್ಚಾಗಿ ಮೇಲಿನ ಸ್ವರದವರು. ಎಲ್ಲರೂ ಕೂಡಿ ಬಾಳಬೇಕು ಎನ್ನುತ್ತಾರೆ. ಅರ್ಥ ಇಷ್ಟೇ, ನಾವು ಹಾಡುವುದನ್ನು ನೀವೂ ಹಾಡಿ, ಬರದಿದ್ದರೆ ಬಾಯಿ ಆಡಿಸಿ. ಚಿತ್ರಕಲೆಯಲ್ಲಿಯೂ ಹೀಗೆಯೇ ಕಲಿಸುತ್ತಿದ್ದೆವು. ಪರೀಕ್ಷೆಗೆ ಡಿಸೈನ್ ಎಂಬ ಪ್ರಶ್ನೆ ಬರುತ್ತಿತ್ತು: ಒಂದು ಚೌಕ ಬರೆದು, ನಾಲ್ಕು ಭಾಗ ಮಾಡಿ, ಒಂದು ಭಾಗದಲ್ಲಿ ಎಲೆಯನ್ನೋ ಹೂವನ್ನೋ ಬರೆದು ಅದನ್ನೇ ಉಳಿದ ಮೂರರಲ್ಲಿ ತಿರುಗಿಸಿ ಬರೆಯಬೇಕು. ಹೊಂದುವ ಬಣ್ಣ ತುಂಬಬೇಕು. ಯಾವ ಬಣ್ಣ ಯಾವುದಕ್ಕೆ ಹೊಂದುತ್ತದೆ ಎಂಬ ಪಟ್ಟಿ ಗೋಡೆಯ ಮೇಲೆ ಇತ್ತು. ನಾನು ಮಕ್ಕಳಿಗೆ, ಹೊಂದದ ಎರಡು ಬಣ್ಣ ತಂದು ಪಕ್ಕ ಪಕ್ಕ ಇಡಿ ಎಂದೆ. ಅರಶಿನ ಕಲಸಿದ ಹಸಿರು, ಅದರ ಒತ್ತಿಗೆ ಕಾವಿ ಕೆಂಪು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು.

"ಟೀಚರ್, ಇದು ಕಣ್ಣಿಗೆ ಹೊಡೆಯುತ್ತದಲ್ಲ."

"ಹೌದು ಸರ್. ಹೊಡೆಯಲಿ ಅಂತಲೇ."

"ಪರೀಕ್ಷೆಯಲ್ಲಿ ಮಾರ್ಕು ಕಳೆಯುತ್ತಾರೆ."

"ಪರೀಕ್ಷೆಗೆ ಬೇರೆ ಕಲಿಸುತ್ತೇನೆ ಸರ್. ಇದು ಬದುಕಲಿಕ್ಕೆ."

ಈ ಕೊನೆಯ ವಾಕ್ಯ ನಾನು ಅಂದೆನೋ, ಮನೆಗೆ ಹೋಗುವ ದಾರಿಯಲ್ಲಿ ಅಂದುಕೊಂಡೆನೋ ಗೊತ್ತಿಲ್ಲ. ಎರಡನೆಯದ್ದೇ ಇರಬೇಕು.

ಮೂಡುಬಿದಿರೆಯಲ್ಲಿ ಇದ್ದವರಿಗೆ ಬಸದಿಯ ಕಂಬಗಳನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಕಂಬ ಬರೆಸುತ್ತಿದ್ದೆ. ಒಂದರ ಹಾಗೆ ಇನ್ನೊಂದಿಲ್ಲ ಎಂದು ಬಂದವರೆಲ್ಲ ಹೇಳುತ್ತಾರೆ, ಆದರೂ ಎಷ್ಟು ಸಾಮರಸ್ಯ ನೋಡಿ ಎಂದು ಮುಗಿಸುತ್ತಾರೆ. ನಾನು ದಿನಗಟ್ಟಲೆ ಕೂತು ನೋಡಿದ್ದೇನೆ. ಕೆಲವು ಕಂಬಗಳು ಪಕ್ಕದ ಕಂಬದ ಜೊತೆ ಜಗಳ ಮಾಡುತ್ತವೆ. ಒಂದು ಉರುಟು, ಪಕ್ಕದ್ದು ಮೂಲೆ ಮೂಲೆ; ಒಂದರ ಮೈತುಂಬ ಬಳ್ಳಿ, ಪಕ್ಕದ್ದು ಬೋಳು. ಅವು ಒಂದನ್ನೊಂದು ಮೆಚ್ಚಿಕೊಂಡು ನಿಂತಿಲ್ಲ. ಮೇಲಿನ ಮಾಡು, ಆ ಛಾವಣಿ, ಅವುಗಳಿಂದ ಕೇಳಿದ್ದು ಒಂದೇ, ಎತ್ತರ ಸಮ ಇರಲಿ ಎಂದು. ಉಳಿದದ್ದಕ್ಕೆ ಕೈಹಾಕಲಿಲ್ಲ. ಬಹಳ ಕಡಿಮೆ ಕೇಳಿದ ಮಾಡು ಅದು.

ಆ ವರ್ಷ ಏಕಾಹದಲ್ಲಿ ಹೆಂಗಸರ ತಂಡಕ್ಕೆ ಮೊದಲ ಬಾರಿಗೆ ಒಂದು ಸರದಿ ಸಿಕ್ಕಿತು. ಅತ್ತೆ ಎಷ್ಟು ಸಲ ಮಂದಿರದ ಅಧ್ಯಕ್ಷರ ಮನೆಗೆ ನಡೆದರೋ. ಸಿಕ್ಕಿದ್ದು ಮಧ್ಯಾಹ್ನದ ಊಟದ ಹೊತ್ತು, ಕೇಳುವವರೆಲ್ಲ ಪಂಕ್ತಿಯಲ್ಲಿ ಇರುವ ಹೊತ್ತು. ಆದರೂ ಸಿಕ್ಕಿತು. ಸುದ್ದಿ ಬಂದ ಭಾನುವಾರ ಅಭ್ಯಾಸ ಮುಗಿದು ಉಳಿದವರು ಹೋದ ಮೇಲೆ ನಾನು ಅತ್ತೆಗೆ ಇಗರ್ಜಿಯ ವಿಷಯ ಹೇಳಿದೆ. ನೀವು ಹಾಡುವುದು ಹಾರ್ಮೋನಿಯಂನ ಐದನೇ ಬಿಳಿ ಕೀ, ಬಿಳಿ ಐದರ ಶ್ರುತಿ. ನನಗೆ ಆಗುವುದು ಬಿಳಿ ಒಂದು, ಗಂಡಸರ ಶ್ರುತಿ. ಬಿಳಿ ಒಂದು ಷಡ್ಜವಾದರೆ ಬಿಳಿ ಐದು ಅದರ ಪಂಚಮ. ತಂಬೂರಿಯಲ್ಲಿ ಈ ಎರಡನ್ನು ಒಟ್ಟಿಗೆ ಮೀಟುವುದಿಲ್ಲವಾ? ಅದೇ ಧಾಟಿಯನ್ನು ನಾನು ಕೆಳಗೆ ಹಾಡುತ್ತೇನೆ, ನೀವು ಮೇಲೆ ಹಾಡಿ. ಒಂದು ಸಲ ಕೇಳಿ ನೋಡಿ.

ಅತ್ತೆ ಹಾರ್ಮೋನಿಯಂಗೆ ಬಟ್ಟೆ ಮುಚ್ಚುತ್ತಿದ್ದರು. ಪೂರ್ತಿ ಮುಚ್ಚಿದ ಮೇಲೆ ಮಾತಾಡಿದರು.

"ನಿನಗೆ ಅದು ಚೆಂದ ಕೇಳಬಹುದು. ಅವರಿಗೆ ಎಂತ ಕೇಳ್ತದೆ ಗೊತ್ತುಂಟಾ? ಹೆಂಗಸರಿಗೆ ಶ್ರುತಿ ಸೇರ್ಲಿಲ್ಲ ಅಂತ ಕೇಳ್ತದೆ. ಅಷ್ಟೇ ಸಾಕು ಅವರಿಗೆ. ಇನ್ನು ನಾನು ಸಾಯುವವರೆಗೆ ನಮಗೆ ಆ ಮಂದಿರದಲ್ಲಿ ತಾಳ ಮುಟ್ಟಲಿಕ್ಕೆ ಬಿಡುವುದಿಲ್ಲ."

"ನನ್ನ ಬಾಯಿ ಮುಚ್ಚಿಸಿ ಸಿಗುವ ಸರದಿ ಯಾರಿಗೆ ಅತ್ತೆ?"

"ಉಳಿದವರಿಗೆ."

ಮಾತಿಗೆ ಮಾತು ಸಿಗದಿದ್ದರೆ ಒಪ್ಪಬೇಕೆಂದು ಎಲ್ಲಿದೆ? ಒಳಗೆ ಹೋಗಿ ಚಾ ಕುಡಿದು ಬಂದು ಹೇಳಿದೆ, "ನಾನು ಹಾಡ್ತೇನೆ ಅತ್ತೆ. ಮೊದಲೇ ಹೇಳಿದ್ದೇನೆ, ಆಮೇಲೆ ಕದ್ದು ಮಾಡಿದ್ದು ಅನ್ನಬೇಡಿ."

"ಹಾಡು, ನೋಡುವ," ಎಂದರು. ಆ 'ನೋಡುವ' ಬೆದರಿಕೆಯೋ ಒಪ್ಪಿಗೆಯೋ ತಿಳಿಯದೆ ನಾನು ಬಸ್ಸು ಹತ್ತಿದೆ.

ತಾಳದ ವಿಷಯ ಬಂದದ್ದು ಏಕಾಹದ ಹಿಂದಿನ ದಿನ. ನಮಗಿಂತ ಮುಂಚಿನ ಸರದಿ ಬೆಳ್ತಂಗಡಿ ಕಡೆಯಿಂದ ಬರುವ ಗಂಡಸರ ತಂಡದ್ದು. ಗುರುತು ಪರಿಚಯ ಇಲ್ಲದ ಗಂಡಸಿನ ಕೈಯಿಂದ ಹೆಂಗಸು ತಾಳ ತೆಗೆದುಕೊಳ್ಳುವುದು ಹೇಗೆ? ತಾಳ ಸಣ್ಣದು, ಕೈಗೆ ಕೈ ತಾಗದೆ ಕುಟ್ಟುತ್ತ ದಾಟಿಸಲು ಆಗುವುದಿಲ್ಲ. ಅಧ್ಯಕ್ಷರು ಇದನ್ನು ದೊಡ್ಡ ಸಮಸ್ಯೆ ಎಂಬಂತೆ ತಂದು ಅತ್ತೆಯ ಮುಂದೆ ಇಟ್ಟರು. ಅದರ ಮೇಲೆಯೇ ಸರದಿ ರದ್ದಾದರೂ ಆಗಬಹುದಿತ್ತು.

"ಎರಡು ಜೊತೆ ತಾಳ ಇಡುವ," ಎಂದರು ಅತ್ತೆ. "ನಮ್ಮದು ಹೊಡೆಯಲು ಶುರು ಮಾಡಿದ ಮೇಲೆ ಅವರು ಅವರದ್ದನ್ನು ನಿಲ್ಲಿಸಲಿ. ಕೈಗೆ ಕೈ ಬೇಡ."

ಅಧ್ಯಕ್ಷರು ಸ್ವಲ್ಪ ಯೋಚಿಸಿ, ಆಗಬಹುದು ಎಂದರು. ಯೋಚಿಸುವಾಗ ಅವರ ಮುಖದಲ್ಲಿ ನಿರಾಶೆ ಇತ್ತು ಎಂದು ನಾನು ಮೊದಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಅವರ ಮುಖ ನನಗೆ ನೆನಪಿಲ್ಲ.

ಆ ಮಧ್ಯಾಹ್ನ ನಾವು ಹೆಂಗಸರು ಚಾಪೆಯ ಒಂದು ಬದಿಗೆ ಹೋಗಿ ಕೂತೆವು. ಹೊರಗೆ ಅಂಗಳದಲ್ಲಿ ಬಡಿಸುವವರ ಗಲಾಟೆ. ಒಳಗೆ ಬೆಳ್ತಂಗಡಿಯವರು ಕೊನೆಯ ನಾಮ ಹಾಡುತ್ತಿದ್ದರು, ನಮಗೂ ಗೊತ್ತಿದ್ದ ಧಾಟಿ. ನನ್ನ ಮಡಿಲಲ್ಲಿ ಕೆಂಪು ದಾರದ ತಾಳ. ಅತ್ತೆ ಕಣ್ಣು ಮಾಡಿದರೆ ಶುರು ಮಾಡಬೇಕು. ಅತ್ತೆ ಹಾರ್ಮೋನಿಯಂನ ಕೊಂಡಿ ಬಿಚ್ಚಿ ಎಡಗೈ ಗಾಳಿಯ ತಿದಿಯ ಮೇಲೆ ಇಟ್ಟಿದ್ದರು.

ಅವರ ತಾಳದವನಿಗೆ ಎರಡು ಜೊತೆಯ ವ್ಯವಸ್ಥೆಯನ್ನು ಯಾರೂ ಹೇಳಿರಲಿಲ್ಲವೋ, ಹೇಳಿದ್ದು ಮರೆತನೋ. ಅವನು ಪಾಪ ಮರ್ಯಾದಸ್ಥ. ಪಕ್ಕದಲ್ಲಿ ಹೆಂಗಸರು ಬಂದು ಕೂತದ್ದನ್ನು ಕಂಡ. ಹೆಂಗಸಿಗೆ ಏನನ್ನಾದರೂ ಕೊಡುವಾಗ ನಮ್ಮ ಕಡೆಯ ಗಂಡಸು ಏನು ಮಾಡುತ್ತಾನೋ ಅದನ್ನೇ ಮಾಡಿದ: ಕೈಗೆ ಕೊಡದೆ, ತಾಳವನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು, ನನ್ನ ಕಡೆಗೆ ಸ್ವಲ್ಪ ದೂಡಿದ. ದೂಡಿ ಕೈ ಹಿಂದೆ ತೆಗೆದ. ಅವನು ತಾಳ ಬಿಟ್ಟನೆಂದು ಅವರ ಹಾರ್ಮೋನಿಯಂನವನೂ ಕೈ ಎತ್ತಿದ. ಹಾಡುವವರು, ಹೆಂಗಸರು ಎತ್ತಿಕೊಂಡರೆಂದು ತಿಳಿದು ಸ್ವರ ಇಳಿಸಿದರು.

ನಾವು ಎತ್ತಿಕೊಂಡಿರಲಿಲ್ಲ.

ಏಕಾಹದಲ್ಲಿ ನಾದ ಮುರಿಯಬಾರದು. ಮುರಿದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ, ಮುರಿದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಅವರ ಕೊನೆಯ ಅಕ್ಷರ ಇನ್ನೂ ಮಾಡಿನ ಅಡಿಯಲ್ಲಿ ಇತ್ತು. ನಾನು ಬಾಯಿ ತೆರೆದೆ.

ಅವರು ಬಿಟ್ಟ ಧಾಟಿಯನ್ನೇ, ಅವರ ಶ್ರುತಿಯಲ್ಲಿಯೇ ಹಿಡಿದೆ. ಅದೊಂದೇ ನನ್ನ ಗಂಟಲಿಗೆ ಒಗ್ಗುವ ಜಾಗ. ಕೈ ತಾಳ ಕುಟ್ಟತೊಡಗಿತು. ಬೆಳ್ತಂಗಡಿಯವರು ಅಷ್ಟರಲ್ಲಿ ಎದ್ದಿದ್ದರು. ಬಾಗಿಲ ಹತ್ತಿರ ಹೋದವರು ನಿಂತರು. ತಮ್ಮಲ್ಲಿ ಒಬ್ಬ ಇನ್ನೂ ಕೂತು ಹಾಡುತ್ತಿದ್ದಾನೆ ಎಂದು ತಿಳಿದು ತಿರುಗಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರು ಮಾರಾಯ ಬಾಕಿ ಆದದ್ದು?" ಎಂದು ಒಬ್ಬ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು.

ಅತ್ತೆ ಗಾಳಿ ತುಂಬಿದರು. ತಂಡ ಎತ್ತಿಕೊಂಡಿತು, ಬಿಳಿ ಐದರಲ್ಲಿ. ಆದರೆ ಬೇರೆ ನಾಮ ಶುರು ಮಾಡಬೇಕಾಗಿದ್ದ ಹೆಂಗಸರು ಗಾಬರಿಯಲ್ಲಿ ನನ್ನ ಧಾಟಿಯನ್ನೇ ಎತ್ತಿಕೊಂಡರು. ಈಗ ನಾನು ಬಿಡಬೇಕಿತ್ತು. ನಾದ ಉಳಿದಿತ್ತು, ಸರದಿ ಉಳಿದಿತ್ತು, ಬಾಯಿ ಆಡಿಸುವ ಕೆಲಸಕ್ಕೆ ಮರಳಬಹುದಿತ್ತು. ಬಿಡಲಿಲ್ಲ. ಅವರು ಮೇಲೆ, ನಾನು ಕೆಳಗೆ, ಅದೇ ಧಾಟಿ, ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ. ನನ್ನ ಒತ್ತಿಗೆ ಕೂತಿದ್ದ ಪಕ್ಕದ ಮನೆಯವಳ ಸ್ವರ ಒಮ್ಮೆ ನನ್ನ ಕಡೆಗೆ ಜಾರಿತು, ಮತ್ತೆ ಮೇಲಕ್ಕೆ ಹತ್ತಿತು. ಅಲ್ಲಲ್ಲಿ ಕರ್ಕಶವೂ ಆಯಿತು. ಇಗರ್ಜಿಯಲ್ಲಿ ಕೇಳಿದಷ್ಟು ನುಣುಪು ಖಂಡಿತ ಇರಲಿಲ್ಲ. ಅಂಗಳದಲ್ಲಿ ಬಡಿಸುವವನು ಸೌಟು ಹಿಡಿದು ನಿಂತುಬಿಟ್ಟ ಎಂದು ಆಮೇಲೆ ಯಾರೋ ಹೇಳಿದರು. ಇದು ತೀರಾ ಕಥೆಯ ಹಾಗಿದೆ, ನಾನು ನಂಬುವುದಿಲ್ಲ.

ಆಗಲೇ ನಾನು ಅತ್ತೆಯ ಕೈ ನೋಡಿದ್ದು. ಬಲಗೈಯ ಬೆರಳುಗಳು ಧಾಟಿ ಬಾರಿಸುತ್ತಿದ್ದವು. ಹೆಬ್ಬೆರಳು ಮಾತ್ರ ಅಗಲವಾಗಿ ಎಡಕ್ಕೆ ಚಾಚಿ ಬಿಳಿ ಒಂದರ ಮೇಲೆ ಇತ್ತು. ಆ ಸ್ವರ, ನನ್ನ ಷಡ್ಜ, ಹಾಡಿನ ಅಡಿಯಲ್ಲಿ ಉದ್ದಕ್ಕೆ ಕೇಳುತ್ತಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ. ದೀಪವನ್ನೇ ನೋಡುತ್ತಿದ್ದರು.

ಸರದಿ ಮುಗಿದು ಹೊರಗೆ ಬಂದಾಗ ಅಧ್ಯಕ್ಷರು ಅತ್ತೆಗೆ ಕೈಮುಗಿದರು. ನಾದ ಮುರಿಯಲಿಲ್ಲ, ದೇವರೇ ಆ ಹುಡುಗಿಯ ಬಾಯಿಂದ ಹಾಡಿಸಿದ್ದು ಎಂದರು. ಸಂಜೆಯ ಹೊತ್ತಿಗೆ ಊರಿಡೀ ಅದೇ ಮಾತು. ಪಕ್ಕದ ಮನೆಯವಳು ಕೂಡ, "ಕೋಣ ಅಂದದ್ದು ತಪ್ಪಾಯ್ತು ಮಾರಾಯ್ತಿ, ಕೋಣವೇ ಅಲ್ವಾ ಗಾಡಿ ಎಳೆದದ್ದು," ಎಂದಳು. ನನಗೆ ಅವಳ ಮಾತು ಅಧ್ಯಕ್ಷರ ಮಾತಿಗಿಂತ ಹಿತವಾಯಿತು.

ಈ ಕಥೆಯನ್ನು ಆಮೇಲೆ ಹಲವರು ಹೀಗೆಯೇ ಹೇಳಿದ್ದಾರೆ: ಯಾರಿಗೂ ಬೇಡವಾದ ಸ್ವರ ಕಷ್ಟದ ಹೊತ್ತಿಗೆ ಒದಗಿತು. ಕೇಳಲು ಚೆಂದ. ನಾನು ಇದನ್ನು ಒಪ್ಪುವುದಿಲ್ಲ. ಕಷ್ಟಕ್ಕೆ ಒದಗಿದ್ದರಿಂದ ನನ್ನ ಸ್ವರಕ್ಕೆ ಬೆಲೆ ಬಂತು ಎಂದಾದರೆ, ಒದಗದಿದ್ದರೆ ಬೆಲೆ ಇಲ್ಲ ಎಂದಾಯಿತು. ಅವನು ತಾಳವನ್ನು ಕೆಳಗೆ ಇಡದಿದ್ದರೂ ನಾನು ಹಾಡುತ್ತಿದ್ದೆ. ಹಾಗೆಂದು ಅತ್ತೆಗೆ ಮೊದಲೇ ಹೇಳಿದ್ದೆ. ನಾದ ಉಳಿಸಲು ಹಾಡಿದವಳು ನಾನಲ್ಲ. ಹಾಡಲು ಹಾಡಿದೆ.

ಈ ಮಾತನ್ನು ಅಧ್ಯಕ್ಷರಿಗೂ ಹೇಳಿದೆ, ಮಂದಿರದ ಮೆಟ್ಟಿಲಿನಲ್ಲಿ, ನಾಲ್ಕು ಜನರ ಎದುರು. "ದೇವರು ಹಾಡಿಸಿದ್ದಲ್ಲ. ನಾನೇ ಹಾಡಿದ್ದು. ಬರುವ ವರ್ಷವೂ ಹಾಡ್ತೇನೆ."

ಅವರು ನಕ್ಕರು. "ಟೀಚರ್ರು ಹಾಗೆ ಹೇಳ್ತಾರೆ," ಎಂದು ಪಕ್ಕದವರಿಗೆ ಹೇಳಿದರು.

ಮರುವರ್ಷ ಹೆಂಗಸರ ತಂಡಕ್ಕೆ ಸರದಿ ಸಿಕ್ಕಿತು, ಕೇಳುವ ಮೊದಲೇ. ತಾಳದ ವ್ಯವಸ್ಥೆಯನ್ನು ಎರಡೂ ಕಡೆಗೆ ಸರಿಯಾಗಿ ತಿಳಿಸಲಾಯಿತು. ಇನ್ನು ತೊಂದರೆ ಆಗುವಂತಿಲ್ಲ, ಹಾಗಾಗಿ ಆ ದಪ್ಪ ಸ್ವರದ ಅಗತ್ಯವೂ ಇಲ್ಲ, ಎಲ್ಲರೂ ಒಂದೇ ಶ್ರುತಿಯಲ್ಲಿ ಕೂಡಿ ಹಾಡಿದರೆ ಚೆಂದ ಎಂದು ಅಧ್ಯಕ್ಷರು ಹೇಳಿ ಕಳಿಸಿದರು. ಅತ್ತೆ ಅದನ್ನು ನನಗೆ ಹೇಳಲು ಮೂಡುಬಿದಿರೆಗೆ ಬಂದರು. ಬಸ್ಸು ಹತ್ತುವುದೆಂದರೆ ವಾಂತಿ ಬರುತ್ತಿದ್ದ ಹೆಂಗಸು. ನನ್ನ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಕೂತು ನೀರು ಕುಡಿದರು.

"ಈ ಸಲ ನೀನು ಬರಬೇಡ."

"ಬಾಯಿ ಆಡಿಸ್ಲಿಕ್ಕೂ ಬೇಡವಾ?"

"ನೀನು ಬಾಯಿ ಆಡಿಸುವವಳಲ್ಲ ಅಂತ ಈಗ ಎಲ್ಲರಿಗೂ ಗೊತ್ತುಂಟು."

"ನೀವು ಎಂತ ಹೇಳಿದಿರಿ ಅವರಿಗೆ?"

"ಆಯ್ತು ಅಂದೆ. ಹನ್ನೆರಡು ಹೆಂಗಸರು ಇದ್ದಾರೆ ಮಗಾ. ಇಬ್ಬರು ಸೊಸೆಯಂದಿರು ಆ ಒಂದು ದಿನ ಬಿಟ್ಟರೆ ಮನೆಯಿಂದ ಹೊರಗೆ ಬರುವವರೇ ಅಲ್ಲ."

ಅತ್ತೆ ಹೇಳಿದ್ದು ಸರಿ. ಸರಿಯಾದದ್ದಕ್ಕೆಲ್ಲ ತಲೆ ಬಾಗಿಸುವ ಅಭ್ಯಾಸ ನನಗಿಲ್ಲ. ನಾನು ಬರುವುದಿಲ್ಲ, ಆದರೆ ಇದನ್ನು ಒಪ್ಪುವುದೂ ಇಲ್ಲ ಎಂದೆ. ಅವರ ಲೋಟಕ್ಕೆ ಇನ್ನಷ್ಟು ನೀರು ಹಾಕಿದೆ. ಆಮೇಲೆ ನಾನು ಕೇಳಿದೆ: "ಅತ್ತೆ, ಆ ದಿನ ಬಿಳಿ ಒಂದು ಒತ್ತಿ ಹಿಡಿದದ್ದು ಯಾಕೆ?"

"ಯಾವುದು?"

"ಹೆಬ್ಬೆರಳಿನಲ್ಲಿ."

"ಓ, ಅದಾ. ಅದು ಹಳೆಯ ಪೆಟ್ಟಿಗೆ. ಕೀ ಅಂಟಿಕೊಳ್ತದೆ. ಎತ್ತಲಿಕ್ಕೆ ನೋಡ್ತಿದ್ದೆ." ಲೋಟ ಕೆಳಗೆ ಇಟ್ಟು ಎದ್ದರು. "ಬಸ್ಸಿಗೆ ಹೊತ್ತಾಯ್ತು. ಸ್ಟ್ಯಾಂಡಿನವರೆಗೆ ಬಾ."

ಹೋದೆ. ದಾರಿಯಲ್ಲಿ ಬೇರೆ ಮಾತು.

ನಾನು ಅವರ ತಂಡದಲ್ಲಿ ಮತ್ತೆ ಕೂರಲಿಲ್ಲ. ಶಾಲೆಯ ಪ್ರಾರ್ಥನೆಯನ್ನು ಹುಡುಗಿಯರಿಗೆ ಎರಡು ಸಾಲಿನಲ್ಲಿ ಕಲಿಸಿದೆ, ದಪ್ಪ ಸ್ವರದವರನ್ನು ಹುಡುಕಿ ಹುಡುಕಿ ಕೆಳಗಿನ ಸಾಲಿಗೆ ಹಾಕಿದೆ. ಹೆಡ್‌ಮಾಸ್ತರರು ನಿಲ್ಲಿಸಿದರು. ಅವರಿಗೆ ವರ್ಗವಾದ ಮೇಲೆ ಮತ್ತೆ ಶುರು ಮಾಡಿದೆ. ಅತ್ತೆಯ ತಂಡ ವರ್ಷ ವರ್ಷ ಹಾಡಿತು, ಒಂದೇ ಶ್ರುತಿಯಲ್ಲಿ, ಚೆನ್ನಾಗಿಯೇ. ಅವರು ಗೆದ್ದರು ಎಂದು ನಾನು ಹೇಳುತ್ತೇನೆ, ನಾನು ಸೋತೆ ಎಂದು ಹೇಳುವುದಿಲ್ಲ.

ಅಂಟಿಕೊಂಡ ಕೀಯನ್ನು ಎತ್ತಲು ನೋಡುವ ಬೆರಳು ಅದರ ಅಡಿಗೆ ಉಗುರು ಹಾಕುತ್ತದೆ. ನಾನು ಕಂಡ ಬೆರಳು ಕೀಯ ಮೇಲೆ ಇತ್ತು. ಹಾಗೆಂದು ನನಗೆ ಅನಿಸುತ್ತದೆ. ಆದರೆ ಎರಡನೆಯ ಜೊತೆ ತಾಳದ ಮೇಲೆಯೇ ಸಂಶಯ ಇರುವವಳು ಒಂದು ಹೆಬ್ಬೆರಳಿನ ಬಗ್ಗೆ ಪ್ರಮಾಣ ಮಾಡುವುದು ಹೇಗೆ? ಅತ್ತೆಯನ್ನು ಇನ್ನೊಮ್ಮೆ ಕೇಳುವ ಅವಕಾಶ ಎಷ್ಟೋ ಸಲ ಇತ್ತು; ಕೇಳಲಿಲ್ಲ. ಅವರು ತೀರಿಹೋದರು. ಅವರು ಆ ಮಧ್ಯಾಹ್ನ ನನಗೆ ಶ್ರುತಿ ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ.